ಮನೆಯ ಬಾಗಿಲು, ಸರಕಾರದ ಕಣ್ಣು

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ನನ್ನ ಊರು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದ ದಿನಗಳಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಓದು ಬಾರದ ಹಿರಿಯರು ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು, ಕೈಯಲ್ಲಿ ಒಂದು ತುಂಡು ಬೆಲ್ಲವನ್ನೋ ಹುರಿಗಡಲೆಯನ್ನೋ ಇಟ್ಟು, ಇನ್‌ಲ್ಯಾಂಡ್ ಪತ್ರವನ್ನು ಮುಂದೆ ಚಾಚುತ್ತಿದ್ದರು. ಸಾಲ, ಬಸುರು, ಜಗಳ, ವರ್ಗಾವಣೆ, ಸಾವು ಎಲ್ಲವೂ ನನ್ನ ಬಾಯಿಂದಲೇ ಆ ಮನೆಗಳನ್ನು ಹೊಗುತ್ತಿದ್ದವು. ಓದು ಮುಗಿದ ಮೇಲೆ ನಮ್ಮ ದೊಡ್ಡವ್ವ ತಪ್ಪದೆ ಒಂದು ಮಾತು ಹೇಳುವರು: "ಓದಿದ್ನ ಇಲ್ಲೇ ಬುಟ್ಬುಟ್ಟು ಓಗು ಕಣ್ಲಾ ಮಗ." ಆ ಕಟ್ಟಳೆಯನ್ನು ನಾನು ಮುರಿಯಲಿಲ್ಲ; ಮುರಿದಿದ್ದರೆ ಮಾರನೆಯ ದಿನ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ಈ ನೆನಪನ್ನು ಮೊದಲಿಗೇ ತಂದುದಕ್ಕೆ ಕಾರಣವುಂಟು. ಖಾಸಗಿ ಬದುಕಿನ ಹಕ್ಕು ಎಂಬುದು ಪಡುವಣ ದೇಶಗಳಿಂದ ಆಮದಾದ ಸರಕು, ಬಾಗಿಲು ತೆರೆದಿಟ್ಟು ಬಾಳುವ ನಮ್ಮ ಹಳ್ಳಿಗರಿಗೆ ಅದರ ಗೊಡವೆಯೇ ಇಲ್ಲ ಎಂದು ಬಲ್ಲವರೂ ವಾದಿಸುವುದುಂಟು. ನಮ್ಮ ಊರುಗಳಲ್ಲಿ ಗುಟ್ಟು ನಿಲ್ಲುವುದು ಕಷ್ಟವೆಂಬುದು ದಿಟ. ಆದರೆ ಗುಟ್ಟು, ಅಂತರಂಗ, ಏಕಾಂತ ಎಂಬ ಮಾತುಗಳನ್ನು ನಮಗೆ ಯಾವ ಇಂಗ್ಲಿಷ್ ನ್ಯಾಯಾಧೀಶರೂ ಕಲಿಸಲಿಲ್ಲ. ಅಲ್ಲದೆ ಊರು ನನ್ನನ್ನು ಬಲ್ಲುದಾದರೆ ನಾನೂ ಊರನ್ನು ಬಲ್ಲೆ. ನೆರೆಮನೆಯವರು ನಮ್ಮ ಮನೆಯ ಜಗಳವನ್ನು ಕೇಳಿಸಿಕೊಂಡರೆ, ನಾಳೆ ಅವರ ಮನೆಯದನ್ನು ನಾವು ಕೇಳಿಸಿಕೊಳ್ಳುತ್ತೇವೆ. ಸರಕಾರದ ಕಿವಿ ಬೇರೆ ಬಗೆಯದು. ಅದು ನಮ್ಮನ್ನು ಬಲ್ಲುದು. ಅದು ಏನನ್ನು ಬಲ್ಲುದೆಂಬುದು ನಮಗೆ ತಿಳಿಯದು.

ಈ ಕಿವಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಅದರ ಅತ್ಯಂತ ವಿವರವಾದ ಶಾಸ್ತ್ರ ಬೆಳಕು ಕಂಡದ್ದೇ ನಮ್ಮ ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಗಳಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಅವರು ಆಗ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಆ ಗ್ರಂಥದ ಗೂಢಪುರುಷರ ಮಾತು ಎಲ್ಲರಿಗೂ ಗೊತ್ತು: ಸನ್ಯಾಸಿ, ವಿದ್ಯಾರ್ಥಿ, ವರ್ತಕ, ಒಕ್ಕಲಿಗ, ಭಿಕ್ಷುಕಿ ಮೊದಲಾದ ವೇಷಗಳ ಬೇಹುಗಾರರು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವನು ಮಾತ್ರ ಈ ವೇಷಧಾರಿಗಳಲ್ಲಿ ಯಾವನೂ ಅಲ್ಲ, 'ಗೋಪ'ನೆಂಬ ಸಾಮಾನ್ಯ ಅಧಿಕಾರಿ. ಐದೋ ಹತ್ತೋ ಹಳ್ಳಿಗಳು ಅವನ ವಶ. ಮನೆಯೊಂದರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಮುದುಕರೆಷ್ಟು, ಮಕ್ಕಳೆಷ್ಟು, ದನಕರುಗಳೆಷ್ಟು, ಅವರ ಕಸುಬೇನು, ನಡತೆಯೇನು, ವರಮಾನವೆಷ್ಟು, ವೆಚ್ಚವೆಷ್ಟು ಎಂಬುದನ್ನೆಲ್ಲ ಅವನು ಬರೆದಿಡಬೇಕು. ಗೋಪನ ಲೆಕ್ಕ ಸರಿಯೇ ಎಂದು ನೋಡಲು ಒಕ್ಕಲಿಗರ ವೇಷದ ಬೇಹುಗಾರರು ಬೇರೆ ಇರುತ್ತಾರೆ. ಪಟ್ಟಣದಲ್ಲಿಯಾದರೆ ಮನೆಗೆ ಬಂದುಹೋದ ಅಪರಿಚಿತರ ವಿಷಯವನ್ನು ಯಜಮಾನನೇ ತಿಳಿಸಬೇಕು. ಗುಟ್ಟಾಗಿ ಗಾಯಕ್ಕೆ ಮದ್ದು ಕೇಳಿಬಂದವನ ಸುದ್ದಿಯನ್ನು ವೈದ್ಯನು ಮುಟ್ಟಿಸಬೇಕು. ಸುಮ್ಮನಿದ್ದರೆ ಅವನೂ ಅಪರಾಧಿ.

ಕೌಟಿಲ್ಯನನ್ನು ಇದಕ್ಕಾಗಿ ನಾನು ನಿಂದಿಸಲಾರೆ. ಅವನು ಬರೆದುದು ರಾಜನಿಗೆ, ಪ್ರಜೆಗಲ್ಲ. ಆ ವಿಷಯದಲ್ಲಿ ಅವನು ಯಾರನ್ನೂ ವಂಚಿಸಲಿಲ್ಲ. ಅಷ್ಟೊಂದು ಓಲೆಗಳನ್ನು ಬರೆದು, ಕಾಪಾಡಿ, ಬೇಕೆಂದಾಗ ಹುಡುಕಿ ತೆಗೆಯುವುದು ಆ ಕಾಲದಲ್ಲಿ ಎಷ್ಟರಮಟ್ಟಿಗೆ ಸಾಧ್ಯವಿತ್ತೆಂಬುದು ಬೇರೆ ಪ್ರಶ್ನೆ. ಹಳೆಯ ಪ್ರಭುತ್ವಗಳ ಅಸಾಮರ್ಥ್ಯವೇ ಪ್ರಜೆಗಳಿಗೆ ಒಂದು ಬಗೆಯ ರಕ್ಷೆಯಾಗಿತ್ತೆಂದು ನನಗೆ ತೋರುತ್ತದೆ.

ಆ ಅಸಾಮರ್ಥ್ಯವನ್ನು ನೀಗಿದವರು ಆಂಗ್ಲರು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನ ಅಂಗೈಗೆ ಮಸಿ ಹಚ್ಚಿ ಕರಾರುಪತ್ರದ ಮೇಲೆ ಒತ್ತಿಸಿದ. ಮುಂದೆ ಮಾತು ತಪ್ಪದಂತೆ ಹೆದರಿಸುವುದಷ್ಟೇ ಅವನ ಉದ್ದೇಶವಾಗಿತ್ತು. ಆ ಮಸಿಯ ಗುರುತಿನಿಂದ ಬೆಳೆದ ವಿದ್ಯೆಗೆ 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊತ್ತಮೊದಲ ಬೆರಳಚ್ಚು ಕಚೇರಿಯೇ ತೆರೆಯಿತು. ಬೆರಳ ಗೆರೆಗಳನ್ನು ವರ್ಗೀಕರಿಸುವ ಕ್ರಮಕ್ಕೆ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತು. ಅದಕ್ಕಾಗಿ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ಹೆಸರುಗಳು ಹಿಂದೆ ಸರಿದುವು. ಹೀಗೆ ಹೆಬ್ಬೆಟ್ಟು ನಮ್ಮ ನೆಲದಲ್ಲಿಯೇ ಹುಟ್ಟಿದ ಶಾಸ್ತ್ರ.

ಇಡೀ ಸಮುದಾಯಗಳ ಮೇಲೆಯೇ ಕಾವಲಿಟ್ಟ ಕಾನೂನೂ ಇದೇ ಕಾಲದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಂತೆ ಕೆಲವು ಅಲೆಮಾರಿ ಜನಾಂಗಗಳಲ್ಲಿ ಹುಟ್ಟಿದ್ದೇ ತಪ್ಪಾಯಿತು. ಅವರ ಹೆಸರು ಪಟ್ಟಿಯಲ್ಲಿ ಸೇರುವುದು, ಗೊತ್ತಾದ ಹೊತ್ತಿಗೆ ಹಾಜರಿ ಕೊಡುವುದು, ಊರು ಬಿಡಲು ರಹದಾರಿ ಪಡೆಯುವುದು. 1911ರ ಕಾಯಿದೆಯ ನಂತರ ಬೆರಳಚ್ಚನ್ನೂ ಕೊಡುವುದು. ಹುಬ್ಬಳ್ಳಿಯಲ್ಲಿ ಇಂಥವರಿಗಾಗಿ ನಿರ್ಮಿಸಿದ ವಸತಿಯ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರ ಆಗಸ್ಟ್ 31ರಂದು, ಈ ಕಾಯಿದೆ ರದ್ದಾಯಿತು. ಉಳಿದ ನಾವು 1947ರಲ್ಲಿ ಬಿಡುಗಡೆ ಹೊಂದಿದಾಗ ಅವರು ಹಾಜರಿ ಕೊಡುತ್ತಲೇ ಇದ್ದರು ಎಂಬುದು ನಮ್ಮ ಚರಿತ್ರೆಯ ಪಾಠಗಳಲ್ಲಿ ಸಾಮಾನ್ಯವಾಗಿ ಬಾರದ ಸಂಗತಿ.

ಕಾಯಿದೆ ಹೋಯಿತು, ಪೊಲೀಸರ ಕಡತ ಉಳಿಯಿತು. ಕಡತದ ಭಾಷೆಯಲ್ಲಿ 'ಕೆ.ಡಿ.' ಎಂದರೆ 'ನೋನ್ ಡಿಪ್ರೆಡೇಟರ್' ಎಂಬುದರ ಹ್ರಸ್ವರೂಪ. ನಮ್ಮ ಕೇಡು ಶಬ್ದದಿಂದ ಹುಟ್ಟಿದ 'ಕೇಡಿ'ಯೂ ಅದೂ ಒಂದೇ ಎಂಬಂತೆ ಬೆರೆತುಹೋದದ್ದು ಭಾಷೆಯ ವಿನೋದಗಳಲ್ಲೊಂದು. ಆ ಹೆಸರನ್ನು ಹೊತ್ತವನಿಗೆ ಮಾತ್ರ ಅದು ವಿನೋದವಲ್ಲ. ಉತ್ತರಪ್ರದೇಶದ ಖಡಕ್ ಸಿಂಗ್ ಎಂಬಾತನ ಮೇಲೆ 1941ರಲ್ಲಿ ಒಂದು ದರೋಡೆಯ ಆರೋಪ ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಪೊಲೀಸರು ಅವನ ಹೆಸರಿನಲ್ಲಿ ಕಡತ ತೆರೆದರು. ಅಪರಾತ್ರಿಯಲ್ಲಿ ಬಾಗಿಲು ಬಡಿಯುವುದು, ನಿದ್ದೆಯಿಂದೆಬ್ಬಿಸುವುದು, ಪರವೂರಿಗೆ ಹೊರಟರೆ ತಿಳಿಸಿ ಹೋಗೆನ್ನುವುದು ನಡೆದೇ ಇತ್ತು. ಅವನು ಸುಪ್ರೀಂ ಕೋರ್ಟಿನ ಮೊರೆಹೊಕ್ಕ. 1962ರ ಡಿಸೆಂಬರಿನಲ್ಲಿ ಬಂದ ತೀರ್ಪು ರಾತ್ರಿಯ ಬಾಗಿಲು ಬಡಿತವನ್ನು ತಡೆಯಿತು. ಆದರೆ ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲವೆಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದರು. ಹಾಗೆನ್ನಲು ಒಪ್ಪದೆ ಭಿನ್ನಮತ ಬರೆದವರು ಸುಬ್ಬರಾಯರು. ಅವರ ಮಾತಿಗೆ ಬೆಲೆ ಬರಲು ಐವತ್ತೈದು ವರ್ಷಗಳು ಬೇಕಾದುವು.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಯಿತು. ಮರುದಿನ ಬೆಂಗಳೂರಿನಲ್ಲಿಯೇ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ಬಂಧನವಾದದ್ದು ಎಲ್ಲರೂ ಬಲ್ಲ ಚರಿತ್ರೆ. ನಮ್ಮ ಮನೆಗೆ ಆ ಚರಿತ್ರೆ ಬಂದದ್ದು ಆ ವರ್ಷದ ಕೊನೆಯಲ್ಲಿ. ಮೈಸೂರಿನಲ್ಲಿ ಓದುತ್ತಿದ್ದ ದೊಡ್ಡವ್ವನ ಮಗ ಕರಪತ್ರ ಹಂಚಿದನೆಂದು ಸೆರೆಯಾದ. ಎರಡು ತಿಂಗಳಾದ ಮೇಲೆ ಸೆರೆಮನೆಯಿಂದ ಒಂದು ಕಾಗದ ಬಂತು. ಮೇಲೊಂದು ನೇರಳೆ ಬಣ್ಣದ ಮುದ್ರೆ. ಒಳಗೆ ನಾಲ್ಕು ಸಾಲುಗಳ ಮೇಲೆ ಕಪ್ಪು ಮಸಿ ಬಳಿದಿತ್ತು. ನಾನು ಓದುತ್ತ ಬಂದು ಆ ಜಾಗದಲ್ಲಿ ನಿಂತೆ. "ಯಾಕ್ಲಾ ನಿಂತ್ಕಂಡೆ?" ಎಂದರು ದೊಡ್ಡವ್ವ. ಅಳಿಸಿದ್ದಾರೆ ಎಂದೆ. ಅವರು ಕಾಗದವನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಅಕ್ಷರ ಬಾರದ ಅವರು, ಕಪ್ಪಿನ ಹಿಂದೆ ಏನೋ ಕಾಣಬಹುದೆಂದು ಬಹಳ ಹೊತ್ತು ನೋಡಿದರು. "ಕಾಯ್ಲೆ ಗೀಯ್ಲೆ ಅಂತ ಬರ್ದಿದ್ನೇನೋ" ಎಂದರು. ನಾನು, ಇರಲಾರದು, ಮೇಲೆ ಆರೋಗ್ಯವೆಂದೇ ಬರೆದಿದ್ದಾನೆ ಎಂದು ಸಮಾಧಾನ ಹೇಳಿದೆ. ಅವರು ಒಪ್ಪಲಿಲ್ಲ. ಆ ಕಾಗದವನ್ನು ಓದಿದವರು ಮೂವರು: ಬರೆದ ಮಗ, ನಾನು, ಮತ್ತು ಮಸಿ ಬಳಿದ ಅಧಿಕಾರಿ. ಓದಿದ್ದನ್ನು ಅಲ್ಲಿಯೇ ಬಿಟ್ಟುಹೋಗೆಂದು ಆ ಮೂರನೆಯವನಿಗೆ ಹೇಳುವವರು ಯಾರೂ ಇರಲಿಲ್ಲ. ಅಣ್ಣ 1977ರಲ್ಲಿ ಮನೆಗೆ ಬಂದ ಮೇಲೆ ಆ ನಾಲ್ಕು ಸಾಲುಗಳ ವಿಷಯ ಕೇಳಿದೆ. ಅವನಿಗೆ ನೆನಪಿರಲಿಲ್ಲ.

ಸೆರೆಯಾಳಿನ ಕಾಗದವಾದ್ದರಿಂದ ಅದು ನಿಯಮದಂತೆಯೇ ನಡೆದಿರಬಹುದು, ಸರಿ. ಸಾಮಾನ್ಯರ ಕಾಗದಗಳನ್ನು ತಡೆಹಿಡಿಯಲೂ ಅವಕಾಶವಿತ್ತು. ತಂತಿ ಮತ್ತು ದೂರವಾಣಿಗೆ 1885ರ ಕಾಯಿದೆ, ಅಂಚೆಗೆ 1898ರ ಕಾಯಿದೆ. ಅಂಚೆಯ ಕಾಯಿದೆಯಲ್ಲಿದ್ದ ಈ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಮಸೂದೆ 1986ರಲ್ಲಿ ಸಂಸತ್ತನ್ನು ದಾಟಿತು. ರಾಷ್ಟ್ರಪತಿ ಜೈಲ್ ಸಿಂಗರು ಅದಕ್ಕೆ ಅಂಕಿತವನ್ನೂ ಹಾಕಲಿಲ್ಲ, ಹಿಂದಕ್ಕೂ ಕಳುಹಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಅದು ಕೊನೆಗೂ ಕಾನೂನಾಗಲಿಲ್ಲ. ಅವರ ಉದ್ದೇಶದ ಬಗ್ಗೆ ರಾಜಕೀಯದವರು ಏನನ್ನೇ ಹೇಳಲಿ, ನಮ್ಮ ಕಾಗದಗಳ ಮಟ್ಟಿಗೆ ಆ ಮೌನವು ಉಪಕಾರವನ್ನೇ ಮಾಡಿತು.

ಎರಡು ವರ್ಷಗಳಲ್ಲಿ ಮಾತು ಕರ್ನಾಟಕಕ್ಕೇ ಬಂತು. ಮೌಲ್ಯಾಧಾರಿತ ರಾಜಕಾರಣವೆಂಬ ಮಾತನ್ನು ಮನೆಮಾತಾಗಿಸಿದ ರಾಮಕೃಷ್ಣ ಹೆಗಡೆಯವರು, ತಮ್ಮ ಸರಕಾರ ಹಲವರ ದೂರವಾಣಿಗಳನ್ನು ಕದ್ದಾಲಿಸಿತೆಂಬ ಆರೋಪದ ನಡುವೆ, 1988ರ ಆಗಸ್ಟಿನಲ್ಲಿ ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. ಆ ಸುದ್ದಿಯನ್ನು ನಮ್ಮೂರಿನಲ್ಲಿ ದೊಡ್ಡವರ ವ್ಯವಹಾರವೆಂದು ಕೇಳಿ ಮರೆತರು. ರಾವಂದೂರಿನಲ್ಲಿ ಆಗ ದೂರವಾಣಿಗಳು ಬೆರಳೆಣಿಕೆಯಷ್ಟು; ಕೂಗಿ ಮಾತಾಡದಿದ್ದರೆ ಆ ಕಡೆಯವರಿಗೇ ಕೇಳುತ್ತಿರಲಿಲ್ಲ, ಕದ್ದು ಕೇಳುವ ಮಾತೆಲ್ಲಿ ಬಂತು! ಆದರೂ ಕದ್ದಾಲಿಕೆಯ ಆರೋಪದ ಮೇಲೆ ಮುಖ್ಯಮಂತ್ರಿಯೊಬ್ಬರು ಇಳಿದರೆಂಬುದು ಸಣ್ಣ ಸಂಗತಿಯಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲಿ ಅಂಥದೇ ಆರೋಪ ಮತ್ತೆ ಎದ್ದು ಸಿಬಿಐ ತನಿಖೆಗೆ ಹೋಯಿತು. ಆ ವೇಳೆಗೆ ಜನ ಅದನ್ನು ಮಾಮೂಲು ಸುದ್ದಿಯಂತೆ ಓದಿದರು. ನಡುವೆ, 1996ರ ಡಿಸೆಂಬರಿನಲ್ಲಿ, ಪಿಯುಸಿಎಲ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಕೆಲವು ಕಟ್ಟುಪಾಡುಗಳನ್ನು ವಿಧಿಸಿತ್ತು. ಆದೇಶವನ್ನು ಗೃಹ ಕಾರ್ಯದರ್ಶಿಯ ಮಟ್ಟದಲ್ಲಿಯೇ ಹೊರಡಿಸಬೇಕು, ಎರಡು ತಿಂಗಳಿಗೆ ಅದರ ಅವಧಿ ಮುಗಿಯಬೇಕು, ಮುಂದುವರಿಸಿದರೂ ಆರು ತಿಂಗಳು ಮೀರಬಾರದು, ಒಂದು ಸಮಿತಿ ಅದನ್ನು ಪರಿಶೀಲಿಸಬೇಕು. ಆ ಸಮಿತಿಯಲ್ಲಿರುವವರೂ ಸರಕಾರದ ಅಧಿಕಾರಿಗಳೇ ಎಂಬುದನ್ನು ಗಮನಿಸಬೇಕು.

ಇನ್ನು ಪುಟ್ಟಸ್ವಾಮಿಯವರ ಮಾತು. ಕೆ.ಎಸ್. ಪುಟ್ಟಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು, ಕರ್ನಾಟಕ ಉಚ್ಚನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದು 1986ರಲ್ಲಿ ನಿವೃತ್ತರಾದವರು. 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಸಂಸತ್ತಿನ ಕಾನೂನೇ ಇಲ್ಲದೆ ಜನರ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಆಧಾರ್‌ಗಾಗಿ ಸಂಗ್ರಹಿಸುವುದು ಸರಿಯಲ್ಲವೆಂದು ಅವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ವಯಸ್ಸಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಹಾಕುವ ಅರ್ಜಿಯೆಂದರೆ ಪಿಂಚಣಿ ಬಾಕಿಯದು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರಕಾರದ ಪರ ವಕೀಲರು 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟರು. 1954ರದು ಎಂಟು ನ್ಯಾಯಮೂರ್ತಿಗಳ ಪೀಠದ ತೀರ್ಪಾದ್ದರಿಂದ ಅದನ್ನು ತಿದ್ದಲು ಒಂಬತ್ತು ಮಂದಿ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತು ಮಂದಿಯೂ ಏಕಮತದಿಂದ, ಖಾಸಗಿತನ ಮೂಲಭೂತ ಹಕ್ಕೆಂದರು. ಅದಕ್ಕೆ ಕೈಹಾಕಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಅದೇ ತೀರ್ಪಿನಲ್ಲಿ ಡಿ.ವೈ. ಚಂದ್ರಚೂಡರು, ತುರ್ತುಪರಿಸ್ಥಿತಿಯ ಸೆರೆಯಾಳುಗಳಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದ 1976ರ ತೀರ್ಪನ್ನು ತಪ್ಪೆಂದು ತಳ್ಳಿಹಾಕಿದರು. ಆ ಹಳೆಯ ತೀರ್ಪಿಗೆ ಸಹಿ ಹಾಕಿದವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡರೂ ಒಬ್ಬರು.

ಗೆಲುವು ಪೂರ್ಣವಾಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಐವರ ಪೀಠದ ನಾಲ್ವರು ಸರಕಾರದ ಸಹಾಯಧನಗಳಿಗೆ ಆಧಾರ್ ಇರಲೆಂದರು. ಬ್ಯಾಂಕಿಗೂ ಮೊಬೈಲಿಗೂ ಅದನ್ನು ಕಡ್ಡಾಯ ಮಾಡುವುದನ್ನು ತಡೆದರು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಸರಕಾರಕ್ಕೇ ಉದಾರವಾದ ವಿನಾಯಿತಿಗಳನ್ನಿತ್ತಿದೆ. ಅದೇ ವರ್ಷ ಹಳೆಯ ತಂತಿ ಮತ್ತು ಅಂಚೆ ಕಾಯಿದೆಗಳ ಸ್ಥಾನದಲ್ಲಿ ಹೊಸವು ಬಂದುವು. ಕಾಗದ ಒಡೆಯುವ, ಮಾತು ಕೇಳುವ ಅಧಿಕಾರ ಎರಡರಲ್ಲಿಯೂ ಉಳಿದಿದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟು ವರ್ಷ ಬಾಳಿ, ತೀರಿಕೊಂಡರು.

ಕೆಲವು ವರ್ಷಗಳ ಹಿಂದೆ, ಹೊಗೆಸೊಪ್ಪಿನ ಎಲೆ ಮುರಿಯುವ ಕಾಲದಲ್ಲಿ ಊರಿಗೆ ಹೋಗಿದ್ದೆ. ಆ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಪಡಿತರ ತರಲು ಹೊರಟಾಗ ಜೊತೆಗೆ ಹೋದೆ. ದಿನವೆಲ್ಲ ಎಲೆ ಕಟ್ಟಿ ಅವರ ಬೆರಳುಗಳಿಗೆ ಕಪ್ಪು ಅಂಟು ಹಿಡಿದಿತ್ತು. ಅದು ಸೋಪಿಗೆ ಹೋಗುವಂಥದಲ್ಲ. ಹೆಬ್ಬೆಟ್ಟಿನ ಯಂತ್ರ ಒಮ್ಮೆ ಒಲ್ಲೆನೆಂದಿತು, ಇನ್ನೊಮ್ಮೆ ಒಲ್ಲೆನೆಂದಿತು. ಅವರು ಬೆರಳನ್ನು ತಲೆಗೂದಲಿಗೆ ಉಜ್ಜಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿದರು. ಅಂಗಡಿಯಾತ ಅವರನ್ನು ಮದುವೆಯಾಗಿ ಬಂದಂದಿನಿಂದ ಬಲ್ಲವನು. "ಏನ್ ಮಾಡ್ಲಕ್ಕ, ನಂಗೊತ್ತು, ಅದ್ಕೊಪ್ಬೇಕಲ್ಲ" ಎಂದ. "ನಾನ್ಯಾರು ಅಂತ ಗೊತ್ತಿಲ್ವಂತೆ ನೋಡಪ್ಪ ಇದ್ಕೆ" ಎಂದು ಅತ್ತಿಗೆ ನನ್ನ ಕಡೆ ತಿರುಗಿ ನಕ್ಕರು. ಎಡಗೈಯ ಉಂಗುರದ ಬೆರಳಿಗೆ ಯಂತ್ರ ಕೊನೆಗೂ ಸಮ್ಮತಿಸಿತು. ಒಂದು ಸಣ್ಣ ಚೀಟಿ ಹೊರಬಂತು. ಅದರಲ್ಲಿ ಅವರು ಬಂದ ದಿನ, ಗಂಟೆ, ನಿಮಿಷ, ಅಕ್ಕಿಯ ತೂಕ ಎಲ್ಲವೂ ಅಚ್ಚಾಗಿದ್ದುವು. ಅತ್ತಿಗೆ ಅದನ್ನು ಮಡಿಸಿ ಚೀಲದೊಳಗೆ ಹಾಕಿಕೊಂಡರು.