ಕೆಸರಿನ ಹುಳುಗಳಿಗೆ ಕುಲ ಗೊತ್ತುಮಾಡಿದ ಬಗೆ

ಅಕ್ವೇರಿಯಂ ಅಂಗಡಿಗಳಲ್ಲಿ ಮೀನಿಗೆ ಹಾಕಲೆಂದು ಮಾರುವ ಕೆಂಪು ಹುಳುಗಳ ಮುದ್ದೆ ನೋಡಿದವರಿಗೆ ಟ್ಯೂಬಿಫೆಕ್ಸ್ ಎಂಬ ಹೆಸರು ಗೊತ್ತು. ಎರೆಹುಳದ ದಾಯಾದಿಗಳಾದ ಇಂಥ ವಲಯವಂತ ಹುಳುಗಳಲ್ಲಿ ಸಿಹಿನೀರಿನವೇ ಸುಮಾರು 1,100 ಪ್ರಭೇದಗಳಿವೆ ಎಂದು 2008ರ ಜಾಗತಿಕ ಸಮೀಕ್ಷೆಯೊಂದು ಲೆಕ್ಕ ಹಾಕಿತು. ಅವುಗಳಲ್ಲಿ ಯಾವುದು ಯಾವುದರ ನೆಂಟ ಎಂದು ಹೇಳುವುದು ಮಾತ್ರ ಇಂದಿಗೂ ಸಲೀಸಲ್ಲ.

ಮೊದಲು ಇವುಗಳನ್ನು ನಿಟ್ಟಿಸಿ ನೋಡಿದವರಿಗೆ ಹೆಸರಿನ ಚಿಂತೆ ಇರಲಿಲ್ಲ. ಜಿನೀವಾದ ಷಾರ್ಲ್ ಬೊನೆ ಕೊಳದ ಹುಳುಗಳನ್ನು ತುಂಡರಿಸಿದ. ತುಂಡುಗಳೇ ತಲೆ, ಬಾಲ ಬೆಳೆಸಿಕೊಂಡು ಇಡೀ ಹುಳುಗಳಾದವು. ಇದನ್ನು ಅವನು 1745ರಲ್ಲಿ ಪ್ರಕಟಿಸಿದ. ಇಂದು ಟ್ಯೂಬಿಫೆಕ್ಸ್ ಟ್ಯೂಬಿಫೆಕ್ಸ್ ಎನಿಸಿಕೊಂಡಿರುವ ಹುಳುವನ್ನು 1774ರಲ್ಲಿ ವರ್ಣಿಸಿದವನು ಡೆನ್ಮಾರ್ಕಿನ ಓಟೋ ಫ್ರೆಡ್ರಿಕ್ ಮ್ಯೂಲರ್.

ತೊಡಕು ಶುರುವಾದದ್ದು ಆಮೇಲೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಡ್ಡರ್ಡ್, ಮಿಖಾಯೆಲ್ಸನ್ ಮೊದಲಾದ ಪ್ರಾಣಿಶಾಸ್ತ್ರಜ್ಞರು ಜನನಾಂಗಗಳು ಎಷ್ಟನೇ ಉಂಗುರದಲ್ಲಿವೆ ಎಂಬುದನ್ನು ಆಧಾರವಾಗಿಟ್ಟು ಕುಟುಂಬಗಳನ್ನು ಕಟ್ಟಿದರು. ಎರೆಹುಳಕ್ಕೆ ಅದು ಒಪ್ಪುವ ಮಾತು. ನೈಸ್ ಬಳಗದ ಪುಟ್ಟ ಹುಳುಗಳು ಹಾಗಲ್ಲ. ಬಹುಪಾಲು ಕಾಲ ಅವು ಜನನಾಂಗಗಳನ್ನೇ ಬೆಳೆಸಿಕೊಳ್ಳದೆ, ಮೈಯ ನಡುವೆ ಹೊಸ ತಲೆ ಮೂಡಿಸಿ, ಒಂದು ಎರಡಾಗಿ ಕಳಚಿಕೊಳ್ಳುತ್ತವೆ. ನೋಡಬೇಕಾದ ಅಂಗವೇ ಇಲ್ಲದಿದ್ದರೆ ಗುರುತಿಸುವುದು ಹೇಗೆ? ಹಾಗಾಗಿ ಮೈಮೇಲಿನ ಬಿರುಗೂದಲುಗಳ ಆಕಾರ, ಉದ್ದ, ತುದಿಯ ಹಲ್ಲುಗಳೇ ಆಸರೆಯಾದವು. ಲಾಹೋರಿನಲ್ಲಿ ಅಧ್ಯಾಪಕನಾಗಿದ್ದ ಸ್ಟೀಫನ್‌ಸನ್ 1923ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಗೆ ಬರೆದ ಸಂಪುಟ ನಮ್ಮ ಕೆರೆಕಟ್ಟೆಗಳ ಹುಳುಗಳಿಗೂ ಬಹುಕಾಲ ಆಧಾರಗ್ರಂಥವಾಯಿತು. ಬ್ರಿಂಕರ್ಸ್ಟ್ ಮತ್ತು ಜೇಮೀಸನ್ 1971ರಲ್ಲಿ ಇಡೀ ಲೋಕದ ಜಲವಾಸಿ ಹುಳುಗಳನ್ನು ಒಂದೇ ಪುಸ್ತಕಕ್ಕೆ ತಂದರು.

ಆದರೆ ಬಿರುಗೂದಲೂ ಕೈಕೊಟ್ಟಿತು. ಪರಿಸರ ಬದಲಾದರೆ ಅದೇ ಹುಳುವಿನ ಕೂದಲಿನ ಸ್ವರೂಪವೂ ಬದಲಾಗುತ್ತದೆ ಎಂದು 1987ರಲ್ಲಿ ಚಾಪ್‌ಮನ್ ಜೊತೆ ಸೇರಿ ತೋರಿಸಿಕೊಟ್ಟವನು ಅದೇ ಬ್ರಿಂಕರ್ಸ್ಟ್! ತಾನೇ ಹಾಕಿದ ಅಡಿಪಾಯವನ್ನು ತಾನೇ ಕೆದಕಿ ನೋಡುವ ವಿದ್ವಾಂಸರು ಅಪರೂಪ. ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಹಿಡಿಸಿದ ಘಟ್ಟ ಇದು.

ಕುಲದ ಗೋಜಲು ಪಂಡಿತರಿಗಷ್ಟೇ ಸಂಬಂಧಿಸಿದ್ದಲ್ಲ. ಟ್ಯೂಬಿಫೆಕ್ಸ್ ತಲೆಯನ್ನು ಕೆಸರಿಗೆ ಹೂತು, ಬಾಲವನ್ನು ನೀರಿನಲ್ಲಿ ಆಡಿಸುತ್ತ ಉಸಿರಾಡುತ್ತದೆ. ರಕ್ತದ ಹೀಮೋಗ್ಲೋಬಿನ್ ಅದಕ್ಕೆ ಕೆಂಪು ಬಣ್ಣವನ್ನೂ ಆಮ್ಲಜನಕ ತೀರಾ ಕಡಿಮೆಯಿರುವಲ್ಲಿ ಬಾಳುವ ಬಲವನ್ನೂ ಕೊಟ್ಟಿದೆ. ಕೊಳಚೆ ಸೇರಿದ ನೀರಿನಲ್ಲಿ ಉಳಿದ ಜೀವಿಗಳು ಸತ್ತಾಗ ಇದರ ಸಂತತಿ ಕಿಕ್ಕಿರಿಯುತ್ತದೆ. ಮಾಲಿನ್ಯ ಅಳೆಯುವವರು ಅದಕ್ಕೇ ಕೆಸರಿನ ಹುಳುಗಳನ್ನು ಎಣಿಸುತ್ತಾರೆ. ಅಂದಮೇಲೆ ಪ್ರಭೇದ ತಪ್ಪಿದರೆ ತೀರ್ಮಾನವೂ ತಪ್ಪೀತು.

ಟ್ರೌಟ್ ಮೀನುಗಳನ್ನು ಗಿರಗಿರನೆ ಸುತ್ತಿಸುವ ರೋಗದ ಕತೆ ಇನ್ನೂ ಸ್ವಾರಸ್ಯದ್ದು. ಮೀನಿನೊಳಗಿನ ಪರಾವಲಂಬಿ ಟ್ಯೂಬಿಫೆಕ್ಸ್ ಹೊಟ್ಟೆ ಸೇರಿದಾಗ ರೂಪ ಬದಲಿಸುತ್ತದೆ ಎಂದು ವುಲ್ಫ್ ಮತ್ತು ಮಾರ್ಕಿವ್ 1984ರಲ್ಲಿ ತೋರಿಸಿದರು. ಬೇರೆಯದೇ ವರ್ಗವೆಂದು ಪುಸ್ತಕಗಳಲ್ಲಿ ಕೂತಿದ್ದ ಜೀವಿ ಅದೇ ಪರಾವಲಂಬಿಯ ಇನ್ನೊಂದು ವೇಷವಾಗಿತ್ತು. ಆಮೇಲೆ ಟ್ಯೂಬಿಫೆಕ್ಸ್‌ನ ಡಿಎನ್ಎ ಪರೀಕ್ಷಿಸಿದಾಗ, ನೋಡಲು ಒಂದೇ ತೆರನಾದರೂ ಅದರಲ್ಲಿ ಹಲವು ಕವಲುಗಳಿರುವುದು ಕಂಡಿತು. ಆ ಪರಾವಲಂಬಿಗೆ ಎಲ್ಲ ಕವಲುಗಳೂ ಒಂದೇ ಸಮನಾಗಿ ಎಡೆಗೊಡುವುದಿಲ್ಲ.

ಕುಟುಂಬಗಳ ಗೋಡೆಗಳನ್ನೂ ಡಿಎನ್ಎ ಕೆಡವಿತು. ನೈಸ್ ಬಳಗದ ನೈಡಿಡೇ ಎಂಬುದು ಟ್ಯೂಬಿಫೆಕ್ಸ್ ಸೇರಿದ್ದ ಟ್ಯೂಬಿಫಿಸಿಡೇ ಕುಟುಂಬದೊಳಗಿನದೇ ಒಂದು ಕವಲೆಂದು 2002ರ ಹೊತ್ತಿಗೆ ಸ್ವೀಡನ್ನಿನ ಎರ್ಸೇಯಸ್ ಮತ್ತವನ ಸಂಗಡಿಗರು ವಾದಿಸಿದರು. ಎರಡನ್ನೂ ಕೂಡಿಸಿದಾಗ, ಹಳೆಯ ಹೆಸರಿಗೇ ಪ್ರಾಶಸ್ತ್ಯ ಎಂಬ ನಿಯಮದಂತೆ ದೊಡ್ಡ ಬಳಗಕ್ಕೆ ಚಿಕ್ಕದರ ಹೆಸರು ಅಂಟಿತು. ಪ್ರತ್ಯೇಕ ಗುಂಪೆಂದು ಶಾಲಾಪುಸ್ತಕಗಳು ಕಲಿಸಿದ ಜಿಗಣೆಗಳೂ ಈ ಹುಳುಗಳ ವಂಶವೃಕ್ಷದೊಳಗೇ ಬಂದು ಕೂತವು. ಲಂಬ್ರಿಕ್ಯುಲಿಡೇ ಕುಟುಂಬ ಅವುಗಳ ಹತ್ತಿರದ ನೆಂಟ. ಹಳೆಯ ಮಾಲಿನ್ಯ ವರದಿಗಳಲ್ಲಿ ಟ್ಯೂಬಿಫಿಸಿಡೇ ಎಂದು ಕಂಡರೆ ಈಗ ಇಸವಿ ನೋಡಿಕೊಂಡು ಓದಬೇಕು.