ಡ್ಯಾರಿಗೆ ಆಗ ಬರೀ 20 ವರ್ಷ

ಕಳೆದ ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ಹಳೆ ಪುಸ್ತಕ ತಡಕಾಡ್ತಿದ್ದಾಗ ‘ದಿ ಔಟ್‌ಸೈಡರ್ಸ್’ ಕಾದಂಬರಿ ಸಿಕ್ಕಿತು. ಪಿಯುಸಿಯಲ್ಲಿದ್ದಾಗ ಗೆಳೆಯನಿಂದ ಇಸಕೊಂಡು ಒಂದೇ ರಾತ್ರಿಯಲ್ಲಿ ಓದಿದ್ದೆ. ಈಗ ಓದಿದ್ರೆ ಬಾಲಿಶ ಅನ್ನಿಸುತ್ತೇನೋ ಅಂದುಕೊಂಡೇ ಕೊಂಡೆ.

ಈ ಸಲ ಕಥೆಯ ಜತೆಗೆ ಅದು ಹುಟ್ಟಿದ ಬಗೆಯನ್ನೂ ತಿಳಿದುಕೊಂಡೆ. ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ಎಂಬ ಊರು. ಸೂಸನ್ ಹಿಂಟನ್ ಎಂಬ ಹೈಸ್ಕೂಲು ಹುಡುಗಿ ಇದನ್ನು ಬರೆಯಲು ಕೂತಾಗ ಅವಳಿಗೆ 15 ವರ್ಷ. ಅವಳ ಸ್ಕೂಲಿನಲ್ಲಿ ಉಳ್ಳವರ ಮಕ್ಕಳದ್ದೇ ಒಂದು ಗುಂಪು, ಇಲ್ಲದವರದ್ದೇ ಒಂದು ಗುಂಪು. ಮನೆಗೆ ನಡೆದು ಹೋಗುತ್ತಿದ್ದ ಅವಳ ಗೆಳೆಯನೊಬ್ಬ ಹೀಗೇ ಏಟು ತಿಂದ. ಆ ಸಿಟ್ಟಿನಲ್ಲಿ ಶುರುವಾದ ಬರವಣಿಗೆ ಇದು. ತಮಾಷೆ ಅಂದ್ರೆ, ಇದನ್ನು ಬರೆಯುತ್ತಿದ್ದ ವರ್ಷವೇ ಕ್ರಿಯೇಟಿವ್ ರೈಟಿಂಗ್ ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದು ‘ಡಿ’ ಗ್ರೇಡು!

1967ರಲ್ಲಿ ಪುಸ್ತಕ ಹೊರಬಂದಾಗ ಅವಳಿಗೆ 18. ಮುಖಪುಟದಲ್ಲಿದ್ದ ಹೆಸರು ಎಸ್. ಇ. ಹಿಂಟನ್. ಹುಡುಗರ ಹೊಡೆದಾಟದ ಕಥೆ ಬರೆದವಳು ಹುಡುಗಿ ಅಂತ ಗೊತ್ತಾದ್ರೆ ವಿಮರ್ಶಕರು ಪಕ್ಕಕ್ಕೆ ಸರಿಸಿಬಿಟ್ಟಾರು ಅನ್ನೋದು ಪ್ರಕಾಶಕರ ಅಳುಕು. ಹದಿಹರೆಯದವರ ಪುಸ್ತಕ ಅಂದ್ರೆ ಆಗ ಹೆಚ್ಚಾಗಿ ಮೊದಲ ಪ್ರೇಮ, ಸ್ಕೂಲಿನ ಡಾನ್ಸು, ಆಟದ ಪಂದ್ಯ. ಈ ಹುಡುಗಿ ಬಡತನ, ಚಾಕು, ಸಾವುಗಳನ್ನು ಅಲ್ಲಿಗೆ ತಂದಳು. ಇವತ್ತು ನಾವು ‘ಯಂಗ್ ಅಡಲ್ಟ್’ ಅನ್ನುವ ಸಾಹಿತ್ಯಕ್ಕೆ ದಾರಿ ಮಾಡಿದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಜಾಗವಿದೆ. ಕ್ಯಾಲಿಫೋರ್ನಿಯಾದ ಶಾಲೆಯೊಂದರ ಲೈಬ್ರರಿಯನ್ ಮತ್ತು ಮಕ್ಕಳು, ಇದನ್ನು ಸಿನಿಮಾ ಮಾಡಿ ಅಂತ ‘ಗಾಡ್‌ಫಾದರ್’ ನಿರ್ದೇಶಕ ಕೊಪೊಲಾಗೆ ಪತ್ರ ಬರೆದರು. ಅವರು ಮಾಡಿಯೂಬಿಟ್ಟರು, 1983ರಲ್ಲಿ.

ಕಥೆ ಹೇಳುವವನು ಪೋನಿಬಾಯ್, 14 ವರ್ಷದವನು. ಅಪ್ಪ ಅಮ್ಮ ಅಪಘಾತದಲ್ಲಿ ಹೋಗಿದ್ದಾರೆ. ಕಾಲೇಜಿಗೆ ಹೋಗಲಾಗದ ದೊಡ್ಡಣ್ಣ ಡ್ಯಾರಿ ಮನೆಗಳಿಗೆ ಛಾವಣಿ ಹಾಕುವ ಕೆಲಸ ಮಾಡಿ ತಮ್ಮಂದಿರನ್ನು ಸಾಕುತ್ತಿದ್ದಾನೆ. ಒಂದು ರಾತ್ರಿ ತಡವಾಗಿ ಬಂದ ಪೋನಿಬಾಯ್‌ಗೆ ಕೆನ್ನೆಗೆ ಬಾರಿಸುತ್ತಾನೆ. ಹುಡುಗ ಮನೆಯಿಂದ ಓಡುತ್ತಾನೆ. ಅನಾಹುತವೆಲ್ಲ ಶುರುವಾಗೋದು ಅಲ್ಲಿಂದ.

ಪಿಯುಸಿಯಲ್ಲಿ ಓದಿದಾಗ ನಾನು ಪೂರ್ತಿ ಪೋನಿಬಾಯ್ ಪಾರ್ಟಿ. ಡ್ಯಾರಿ ಅಂದ್ರೆ ಸಿಡುಕ, ಬರೀ ಮಾರ್ಕ್ಸು, ರೂಲ್ಸು. ಈ ಸಲ ಮಾತ್ರ ಕಣ್ಣು ನಿಂತದ್ದು ಅವನ ವಯಸ್ಸಿನ ಮೇಲೆ. ಬರೀ 20! ನಮ್ಮ ಆಫೀಸಿಗೆ ಬರುವ ಇಂಟರ್ನ್‌ಗಳ ವಯಸ್ಸು. ಅವನ ದಣಿವು ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು. ಹದಿನಾರರ ಹುಡುಗಿಗೆ ಕಂಡಿದ್ದು, ಅವಳಷ್ಟೇ ವಯಸ್ಸಿನ ನನಗೆ ಕಂಡಿರಲಿಲ್ಲ.

ನಮ್ಮಣ್ಣನೂ ಅಪ್ಪ ಹೋದ ವರ್ಷ ಬಿ.ಕಾಂ. ಅರ್ಧಕ್ಕೆ ಬಿಟ್ಟು ಅಂಗಡಿಯಲ್ಲಿ ಕೂತವನು. ನನ್ನ ಇಂಜಿನಿಯರಿಂಗ್ ಫೀಸು ಅಲ್ಲಿಂದಲೇ ಬಂದದ್ದು. ಅವನು ಬೈದದ್ದೆಲ್ಲ ನನಗೆ ನೆನಪಿದೆ. ಆಗ ಅವನಿಗೆ ಎಷ್ಟು ವಯಸ್ಸು ಅಂತ ಲೆಕ್ಕ ಹಾಕಿರಲೇ ಇಲ್ಲ. ಹತ್ತೊಂಬತ್ತು.

ಪುಸ್ತಕ ಮುಗಿಸಿದಾಗ ರಾತ್ರಿ ಹನ್ನೊಂದು. ಫೋನ್ ಮಾಡಿದೆ. ಏನು ಹೇಳಬೇಕು ಅಂತ ತಿಳೀಲಿಲ್ಲ, ಸುಮ್ನಿದ್ದೆ.

“ಯಾಕೋ, ಇಷ್ಟೊತ್ತಲ್ಲಿ? ದುಡ್ಡೇನಾದ್ರೂ ಬೇಕಿತ್ತಾ?” ಅಂದ ಅಣ್ಣ.