ಪಸ್ಸಕಾಲ್ಯವೂ ಅಣ್ಣನ ಪ್ರತಿಯೂ

ಪಸ್ಸಕಾಲ್ಯವೆಂಬ ಸಂಗೀತಪ್ರಬಂಧದ ಮೂಲವು ಸ್ಪೇನ್ ದೇಶದಲ್ಲಿರುವುದು. ಬೀದಿಯಲ್ಲಿ ನಡೆಯುವುದೆಂದು ಆ ಹೆಸರಿನ ಅರ್ಥ. ಹಾಡಿನ ನುಡಿನುಡಿಗಳ ನಡುವೆ ಗಿಟಾರಿನಲ್ಲಿ ಮೀಟುತ್ತಿದ್ದ ಈ ಕಿರುಖಂಡವು 17ನೆಯ ಶತಮಾನದಲ್ಲಿ ಆರ್ಗನ್ ವಾದ್ಯವನ್ನೇರಿ ಗಾಂಭೀರ್ಯವನ್ನು ಪಡೆಯಿತು. ಮಂದ್ರದಲ್ಲಿ ಒಂದೇ ಸ್ವರಪಂಕ್ತಿ ಮರಳಿ ಮರಳಿ ಬರುವುದು. ಅದರ ಮೇಲೆ ಪ್ರತಿಸಲವೂ ಹೊಸ ಕಲ್ಪನೆ ಅರಳುವುದು.

ಲ್ಯೂಬೆಕ್ ನಗರದ ಬುಕ್ಸ್‌ಟೆಹೂಡನ ಡಿ ಮೈನರ್ ಪಸ್ಸಕಾಲ್ಯದಲ್ಲಿ ಪಂಕ್ತಿಯು 28 ಸಲ, ಏಳೇಳರಂತೆ ನಾಲ್ಕು ಖಂಡಗಳಲ್ಲಿ, ಮರಳುವುದು. ಅವನ ವಾದನವನ್ನು ಕೇಳಲು 1705ರಲ್ಲಿ ಲ್ಯೂಬೆಕ್ಕಿಗೆ ಹೋದ ತರುಣ ಯೋಹಾನ್ ಸೆಬಾಸ್ಟಿಯನ್ ಬಾಖನೂ ಸಿ ಮೈನರಿನಲ್ಲೊಂದು ಪಸ್ಸಕಾಲ್ಯವನ್ನು ರಚಿಸಿದನು. ಅದರ ಪಂಕ್ತಿಯ ಪೂರ್ವಾರ್ಧವು 1688ರಲ್ಲಿ ಅಚ್ಚಾದ ಫ್ರೆಂಚ್ ವಾದಕ ಆಂದ್ರೆ ರೇಸೋನನ ಕೃತಿಯಲ್ಲಿದೆ. ಅದರ ಮೇಲೆ ಬಾಖನು 20 ರೂಪಾಂತರಗಳನ್ನು ಕಟ್ಟಿ, ಫ್ಯೂಗಿನಿಂದ ಮುಗಿಸಿದನು.

ಈ ಎರಡು ಕೃತಿಗಳ ಕರ್ತೃಹಸ್ತಪ್ರತಿಗಳೂ ಉಳಿದಿಲ್ಲ. ಬಾಖನ ಅಣ್ಣ ಯೋಹಾನ್ ಕ್ರಿಸ್ಟೋಫನು ಬಹುಮಟ್ಟಿಗೆ ತಾನೇ ಬರೆದಿಟ್ಟ ಸಂಪುಟದಲ್ಲಿ ಎರಡೂ ಇವೆ. ಬುಕ್ಸ್‌ಟೆಹೂಡನ ಕೃತಿಗಂತೂ ಬೇರೆ ಆಧಾರವಿಲ್ಲ. ಬಾಲಕ ಬಾಖನು ಆರು ತಿಂಗಳು ಬೆಳದಿಂಗಳಲ್ಲಿ ಕದ್ದು ಬರೆದುಕೊಂಡ ಸಂಗೀತದ ಪ್ರತಿಯನ್ನು ಈ ಅಣ್ಣನೇ ಕಿತ್ತುಕೊಂಡನೆಂದು 1754ರಲ್ಲಿ ಅಚ್ಚಾದ ಬಾಖನ ಚರಮಚರಿತ್ರೆಯು ಹೇಳುವುದು. ಅಂದು ತಮ್ಮನ ಪ್ರತಿಯನ್ನು ಕಸಿದ ಕೈಯೇ ಮುಂದೆ ತಮ್ಮನ ಕೃತಿಯನ್ನೂ, ತಮ್ಮನು ಅರಸಿಹೋದ ಹಿರಿಯನ ಕೃತಿಯನ್ನೂ ಕಾಪಾಡಿತು.